ಅಜ್ಜಾರ ತಾಯಿಯ ತವರುಮನೆ

ಕಿತ್ತೂರು ಸೀಮೆಯಲ್ಲಿ ಹುಟ್ಟಿದವರಿಗೆ ಥ್ಯಾಕರೆ ಅನ್ನೋ ಹೆಸರನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲಿಗೆ ಹೋಗೋಕಿಂತ ಮೊದಲೇ ಅದು ಕಿವಿಗೆ ಬಿದ್ದಿರುತ್ತದೆ. ನಮ್ಮೂರು ಬೈಲಹೊಂಗಲದ ಹತ್ತಿರ. ಜಾತ್ರೆಯಲ್ಲಿ ಲಾವಣಿ ಹಾಡೋರು ಡಪ್ಪಿನ ಮೇಲೆ ಕೈ ಜೋರು ಮಾಡಿದರು ಅಂದರೆ ಥ್ಯಾಕರೆ ಸಾಹೇಬ ಕೋಟೆ ಬಾಗಿಲಿಗೆ ಬಂದ ಅಂತಲೇ ಲೆಕ್ಕ. ಮರುದಿನ ನಾವು ಹುಡುಗರು ಅದನ್ನೇ ಆಟ ಆಡ್ತಿದ್ದೆವು. ಕಿತ್ತೂರಿನ ರಾಣಿ ಚೆನ್ನಮ್ಮ ಆಗೋಕೆ ಹುಡುಗಿಯರು ಪಾಳಿ ಹಚ್ಚಿ ನಿಲ್ತಿದ್ದರು. ಥ್ಯಾಕರೆಯನ್ನ ಹೊಡೆದ ಅಮಟೂರ ಬಾಳಪ್ಪ ಆಗೋಕೆ ಹುಡುಗರು ಬಡಿದಾಡ್ತಿದ್ದರು. ಥ್ಯಾಕರೆ ಆಗೋಕೆ ಮಾತ್ರ ಒಬ್ಬನೂ ಒಪ್ತಿರಲಿಲ್ಲ. ರಜೆಗೆ ಪರವೂರಿನಿಂದ ಬಂದ ಪಾಪದ ಹುಡುಗನ್ಯಾರಾದರೂ ಸಿಕ್ಕರೆ ಅವನೇ ಥ್ಯಾಕರೆ.

ಅಂಥ ಹೆಸರು, ನಾನು ಡಾಕ್ಟರಿಕೆ ಮಾಡಲು ಇಂಗ್ಲೆಂಡಿನ ಲೀಡ್ಸ್ ಊರಿಗೆ ಬಂದಾಗ ಎಲ್ಲಿ ನೋಡಿದರಲ್ಲಿ ಕಣ್ಣಿಗೆ ಬೀಳತೊಡಗಿತು. ಇಲ್ಲಿನ ಮಂದಿ ಅದನ್ನ ಥ್ಯಾಕ್ರೆ ಅಂತಾರೆ, ಕೆಲವರು ಥ್ಯಾಕ್ರಾ ಅಂತಾರೆ, ಬರೆಯೋದಂತೂ ಒಬ್ಬೊಬ್ಬರು ಒಂದೊಂದು ಥರ. ಸೇಂಟ್ ಜೇಮ್ಸ್ ಆಸ್ಪತ್ರೆಯ ಪಕ್ಕದಲ್ಲೇ, ಹಿಂದೆ ಬಡವರನ್ನಿಟ್ಟು ದುಡಿಸಿಕೊಳ್ಳುತ್ತಿದ್ದ ಗಂಜಿಮನೆಯ ಕಟ್ಟಡದಲ್ಲಿ, ಥ್ಯಾಕ್ರೆ ವೈದ್ಯಕೀಯ ವಸ್ತುಸಂಗ್ರಹಾಲಯ ಇದೆ. 1902ರಲ್ಲಿ ಔಷಧಿ ಅಂಗಡಿಯಿಂದ ಸುರುವಾಗಿ ಶಸ್ತ್ರಚಿಕಿತ್ಸೆಯ ಸಾಮಾನು ಮಾಡುವ ದೊಡ್ಡ ಕಾರ್ಖಾನೆಯಾಗಿ ಬೆಳೆದ ಮನೆತನದ ಹೆಸರು ಅದು. ಲಂಕಾಶೈರಿನ ಜಾನ್ ಚಾರ್ನ್ಲಿ ಅನ್ನೋ ಸರ್ಜನ್ 1960ರ ದಶಕದಲ್ಲಿ ಸವೆದ ಸೊಂಟದ ಕೀಲಿಗೆ ಬದಲಿ ಕೀಲು ಕೂಡಿಸಿದನಲ್ಲ, ಆ ಕೀಲು ತಯಾರಾಗಿದ್ದು ಈ ಥ್ಯಾಕ್ರೆಗಳ ಕಾರ್ಖಾನೆಯಲ್ಲೇ. ಅವರಿಗೂ ಎಷ್ಟೋ ವರ್ಷ ಮೊದಲು ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಅಂತ ಒಬ್ಬ ಸರ್ಜನ್ ಇದ್ದ. ಅವನ ಮಾತು ಮುಂದೆ ಬರುತ್ತದೆ.

ಈಗ ನೆರೆಮನೆಯ ಅಜ್ಜಾರ ಕಡೆ ಬರೋಣ. ಅವರನ್ನ ಅಜ್ಜಾರು ಅಂತ ಕರೆದದ್ದು ನಮ್ಮ ಮಕ್ಕಳು, ಆಮೇಲೆ ನಮಗೂ ಅದೇ ರೂಢಿಯಾಯಿತು. ಅವರಿಗೂ ಅದು ತಮ್ಮ ಹೆಸರೇ ಅನ್ನಿಸಿಬಿಟ್ಟಿದೆ, ಕಾರ್ಡಿನಲ್ಲಿ ಹಾಗೇ ಸಹಿ ಮಾಡ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತಿಯಾದವರು. ತಲೆಗೆ ಚಪ್ಪಟೆ ಟೊಪ್ಪಿಗೆ, ಬಾಯಲ್ಲಿ ಯಾವಾಗಲೂ ಏನಾದರೊಂದು ತಕರಾರು. ಅವರ ಯಾರ್ಕ್‌ಶೈರ್ ಮಾತು ನನ್ನ ಕಿವಿಗೆ ಮೊದಲ ದಿನದಿಂದಲೂ ನಮ್ಮ ಧಾರವಾಡದ ಮಾತಿನ ಹಾಗೇ ಕೇಳಿಸಿದೆ. ನುಂಗಬೇಕಾದ್ದನ್ನ ನುಂಗಿ, ಹೇಳಬೇಕಾದ್ದನ್ನ ಮುಖಕ್ಕೇ ಹೇಳೋ ಮಾತು. ಅದಕ್ಕೇ ಇಲ್ಲಿ ಅವರ ಮಾತನ್ನ ಹಾಗೇ ಬರೀತೇನೆ.

ಅಜ್ಜಾರು ಹಿತ್ತಲಲ್ಲಿ ರೂಬಾರ್ಬ್ ಬೆಳೀತಾರೆ. ಲೀಡ್ಸಿನ ದಕ್ಷಿಣಕ್ಕೆ ವೇಕ್‌ಫೀಲ್ಡ್ ಕಡೆ ಇದರದ್ದೇ ಒಂದು ಸೀಮೆ ಇದೆ. ಚಳಿಗಾಲದಲ್ಲಿ ಕತ್ತಲೆ ಕೊಟ್ಟಿಗೆಯೊಳಗೆ ಬೆಳೆಸಿ, ಬೆಳಕು ತಾಗಬಾರದು ಅಂತ ಮೇಣದಬತ್ತಿ ಹಚ್ಚಿಕೊಂಡು ಕೀಳ್ತಾರೆ. ಕೆಂಪು ದಂಟು, ಬಾಯಿಗಿಟ್ಟರೆ ಹಲ್ಲು ಜುಂ ಅನ್ನೋ ಹುಳಿ. ಎಲೆ ವಿಷ, ದಂಟಷ್ಟೇ ತಿನ್ನೋದು. ಇಲ್ಲಿನವರು ಅದಕ್ಕೆ ಸಕ್ಕರೆ ಸುರಿದು ಕಡುಬಿನ ಥರ ಏನೋ ಬೇಯಿಸ್ತಾರೆ. ನಮ್ಮಾಕಿ ಮೊದಲ ಸಲ ನಾಲಿಗೆಗೆ ಹಚ್ಚಿಕೊಂಡವಳೇ, "ಇದು ಪುಂಡಿಯ ಬಳಗ" ಅಂದು ಬೇಳೆ, ಜೋಳದ ನುಚ್ಚು, ಬಳ್ಳೊಳ್ಳಿ ಒಗ್ಗರಣೆ ಹಾಕಿ ಪುಂಡಿಪಲ್ಯ ಮಾಡಿಬಿಟ್ಟಳು. ಅಂದಿನಿಂದ ಅಜ್ಜಾರು ಬೇಲಿಯ ಮೇಲಿಂದ ದಂಟು ದಾಟಿಸೋದು, ನಾವು ಪಲ್ಯ ದಾಟಿಸೋದು ನಡೆದಿದೆ. ಖಾರಕ್ಕೆ ಕಣ್ಣೀರು ಹಾಕ್ತಾ "ಇನ್ನೊಂದು ಸವಟು ಹಾಕ್ರಿ" ಅಂತಾರೆ.

ಅಜ್ಜಾರ ತಾಯಿಯ ತವರುಮನೆ ಥ್ಯಾಕ್ರೆ ಮನೆತನ. ಇದು ನನಗೆ ಗೊತ್ತಾದದ್ದು ಅಮೆರಿಕದ ಒಂದು ಪತ್ರದಿಂದ. ಅವರ ತಾಯಿಯ ಕಡೆಯ ದೂರದ ಸಂಬಂಧಿಯೊಬ್ಬಳು ಯೂಟಾ ರಾಜ್ಯದಲ್ಲಿದ್ದಾಳೆ. ಅವಳ ಹಿರಿಯರು ಮಾರ್ಮನ್ ಪಂಥ ಸೇರಿ ಇಲ್ಲಿಂದ ಹೋದವರು. 1837ರಲ್ಲಿ ಮಾರ್ಮನ್ ಪ್ರಚಾರಕರು ಮೊದಲ ಸಲ ಇಂಗ್ಲೆಂಡಿಗೆ ಬಂದಿಳಿದು ಲಂಕಾಶೈರಿನ ಪ್ರೆಸ್ಟನ್ನಿನಲ್ಲಿ ಕೆಲಸ ಸುರು ಮಾಡಿದರು. ಗಿರಣಿಯ ಮಂದಿ ಸಾವಿರ ಸಾವಿರ ಲೆಕ್ಕದಲ್ಲಿ ಅವರ ಮಾತು ಕೇಳಿ ಹಡಗು ಹತ್ತಿದರು, ಬಯಲುಸೀಮೆ ದಾಟಿ ಯೂಟಾ ಮುಟ್ಟಿದರು. ಅಲ್ಲಿ ಅಂಥವರನ್ನ ಮೊದಲ ನೆಲೆಗಾರರು ಅಂತ ಬಹಳ ಮರ್ಯಾದೆಯಿಂದ ಕಾಣ್ತಾರೆ. ವಂಶಾವಳಿ ಕೂಡಿಸೋದು ಅವರ ಪಂಥದಲ್ಲಿ ಧರ್ಮದ ಕೆಲಸವೇ. ಹಾಗಾಗಿ ಆ ಹೆಣ್ಣುಮಗಳು ಬರೆದಿದ್ದಳು: ನಮ್ಮ ಕಡೆಯದ್ದು ನನ್ನ ಹತ್ತಿರ ಇದೆ, ಇಂಗ್ಲೆಂಡಿನಲ್ಲೇ ಉಳಿದವರದ್ದು ನೀವು ಹುಡುಕಿಕೊಡಿ.

ಅಜ್ಜಾರು ಪತ್ರವನ್ನ ನನ್ನ ಮುಂದೆ ಹಿಡಿದು, "ಡಾಕ್ಟರ್, ನೀವು ಓದಿದವರು, ನನ್ನ ಜೋಡಿ ಬರ್ರಿ" ಅಂದರು. ನನಗೆ ಅದರಲ್ಲಿ ಬೇರೆಯೇ ಆಸೆ ಹುಟ್ಟಿತು. ಇವರು ನಮ್ಮ ಕಿತ್ತೂರಿನ ಥ್ಯಾಕರೆಯ ಕುಲದವರೇ ಆಗಿದ್ದರೆ? ಇಷ್ಟು ದಿನ ಅವನ ವಂಶಕ್ಕೆ ಪುಂಡಿಪಲ್ಯ ಬಡಿಸ್ತಿದ್ದೆವೇ?

ಇಲ್ಲೊಂದು ಅಡ್ಡಮಾತು ಹೇಳಿಬಿಡ್ತೇನೆ. ವಂಶ ಹುಡುಕೋದು ಅಂದಾಗ ನನಗೆ ಮೊದಲು ನೆನಪಾಗೋದು ಹೆಳವ. ಸುಗ್ಗಿ ಮುಗಿದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರ್ತಿದ್ದ. ಸಿಂಗಾರ ಮಾಡಿದ ಎತ್ತು, ಕೈಯಲ್ಲಿ ಗಂಟೆ. ಕಟ್ಟೆಯ ಮೇಲೆ ಕೂತು, ಬಟ್ಟೆಯ ಗಂಟು ಬಿಚ್ಚಿ ಹೊತ್ತಿಗೆ ತೆಗೆದರೆ ಅಪ್ಪ ಅದಕ್ಕೆ ಕುಂಕುಮ ಹಚ್ಚಿ ಕೈಮುಗೀತಿದ್ದ. ಆಮೇಲೆ ಒಂದೇ ರಾಗದಲ್ಲಿ ಸುರು: ಮೂಲ ಯಾವ ಊರು, ಬರದಲ್ಲಿ ಯಾರು ಬಿಟ್ಟು ಬಂದರು, ಬಾವಿ ತೋಡಿಸಿದವರು ಯಾರು, ಅಣ್ಣತಮ್ಮರು ಎಲ್ಲಿ ಬೇರೆಯಾದರು. ಆಸ್ತಿ ಜಗಳ ಬಂದರೆ ಹಿರಿಯರು ಹೆಳವನನ್ನೇ ಕರೆಸಿ ಕೇಳ್ತಿದ್ದರಂತೆ. ಹೋಗುವಾಗ ಜೋಳ, ದೋತರ, ಕಂಬಳಿ ಕೊಟ್ಟು ಕಳಿಸ್ತಿದ್ದೆವು. ಒಂದು ಸಲ ನಮ್ಮವ್ವ ಬಾಗಿಲ ಸಂದಿಯಿಂದಲೇ ಕೇಳಿದ್ದಳು, "ಯಪ್ಪಾ, ನನ್ನ ಹೆಸರೆಲ್ಲೈತಿ ನಿನ್ನ ಹೊತ್ತಿಗಿಯೊಳಗ?" ಹೆಳವ ಜಾಣ. "ಅವ್ವಾರ, ನಿಮ್ಮ ಹೆಸರು ನಿಮ್ಮ ತವರಿನ ಹೆಳವನ ಕಡೆ ಇರತೈತ್ರಿ" ಅಂದ. ತವರಿನ ಹೆಳವನನ್ನ ಕೇಳಿದ್ದರೆ ಗಂಡನ ಮನೆಯ ಹೆಳವನ ಕಡೆ ಕೈ ತೋರಿಸ್ತಿದ್ದನೇನೋ. ಅಪ್ಪ ನಕ್ಕ, ಅವ್ವ ನಗಲಿಲ್ಲ.

ನಮ್ಮಲ್ಲಿ ಹೆಳವ ಬಿಟ್ಟರೆ ಗತಿಯಿಲ್ಲ. ಜನಗಣತಿ ನಮಗೂ ಇದೆ. 1881ರಿಂದ 2011ರ ತನಕ ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸಿದ್ದಾರೆ. ಆದರೆ ಮನೆಮನೆಯ ಹೆಸರಿನ ಹಾಳೆಗಳನ್ನ ಯಾರೂ ನೋಡುವ ಹಾಗಿಲ್ಲ, 1948ರ ಕಾಯ್ದೆಯೇ ಹಾಗಿದೆ. ನಮಗೆ ಸಿಗೋದು ಬರೀ ಲೆಕ್ಕ. ಇಂಗ್ಲೆಂಡಿನಲ್ಲಿ ಹಾಗಲ್ಲ. ನೂರು ವರ್ಷ ಬೀಗ ಹಾಕಿಟ್ಟು ಆಮೇಲೆ ಹಾಳೆಗಳನ್ನೇ ತೆರೆದಿಡ್ತಾರೆ. ಅಜ್ಜಾರಿಗೆ ಪತ್ರ ಬಂದದ್ದು 1921ರ ಹಾಳೆಗಳು ಹೊರಗೆ ಬಂದ ಚಳಿಗಾಲದಲ್ಲೇ, ಅಂದರೆ 2022ರ ಜನವರಿ. ಕೊರೋನಾ ಇನ್ನೂ ಪೂರ್ತಿ ಹೋಗಿರಲಿಲ್ಲ, ಮುಖಕ್ಕೆ ಮಾಸ್ಕು ಇತ್ತು. ಈ ಹಾಳೆಗಳಿಗೆ ಇಷ್ಟು ಗದ್ದಲ ಯಾಕೆ ಅಂದರೆ, ಇದಾದ ಮೇಲೆ ಮೂವತ್ತು ವರ್ಷ ಬರಗಾಲ. 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು. 1941ರಲ್ಲಿ ಯುದ್ಧ ನಡೆದಿತ್ತು, ಎಣಿಕೆಯೇ ಆಗಲಿಲ್ಲ.

ಕಂಪ್ಯೂಟರಿನಲ್ಲಿ ಮನೆಯಲ್ಲೇ ಕೂತು ನೋಡಬಹುದಿತ್ತು, ಒಂದು ಹಾಳೆಗೆ ಮೂರೂವರೆ ಪೌಂಡು. ಅಜ್ಜಾರು ಸಿಡಿದೆದ್ದರು. "ನಮ್ಮವ್ವನ ಹೆಸರು ನೋಡಾಕ ನಾ ರೊಕ್ಕಾ ಕೊಡಬೇಕ?" ಪುಕ್ಕಟೆ ನೋಡಲು ಇದ್ದ ಜಾಗಗಳಲ್ಲಿ ಹತ್ತಿರದ್ದು ಮ್ಯಾಂಚೆಸ್ಟರಿನ ಸೆಂಟ್ರಲ್ ಲೈಬ್ರರಿ. ರೈಲಿನ ಟಿಕೆಟ್ಟಿಗೆ ಅದರ ಎಷ್ಟೋ ಪಟ್ಟು ಆಗುತ್ತದೆ ಅಂತ ಹೇಳಿ ನೋಡಿದೆ. "ಅದು ರೈಲಿಗೆ ಕೊಡೋದು, ಬ್ಯಾರೆ ಮಾತು" ಅಂದುಬಿಟ್ಟರು.

ಆ ದಿನ ಮಳೆಯಿತ್ತೋ, ಮಳೆ-ಹಿಮ ಕೂಡಿ ಬೀಳ್ತಿತ್ತೋ ಸರಿಯಾಗಿ ನೆನಪಿಲ್ಲ. ಒದ್ದೆ ಕೋಟಿನ ವಾಸನೆ ಮಾತ್ರ ನೆನಪಿದೆ. ಅಜ್ಜಾರು ಮನೆಯಿಂದಲೇ ಚೀಸ್ ಸ್ಯಾಂಡ್‌ವಿಚ್ಚು, ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಯಾರ್ಕ್‌ಶೈರಿನವರಿಗೂ ಲಂಕಾಶೈರಿನವರಿಗೂ ಐನೂರು ವರ್ಷದಿಂದ ಆಗಿಬರೋದಿಲ್ಲ. ಹಳೇ ಲಂಕಾಶೈರಿನ ಮ್ಯಾಂಚೆಸ್ಟರಿಗೆ ಹೋಗಿ ದುಡ್ಡು ಕೊಟ್ಟು ಊಟ ಮಾಡೋದು ಅಜ್ಜಾರ ವ್ರತಕ್ಕೆ ಭಂಗ. ನಮ್ಮಾಕಿ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಅಗಸಿ ಹಿಂಡಿ ನನ್ನ ಚೀಲದಲ್ಲಿತ್ತು. ಹಡರ್ಸ್‌ಫೀಲ್ಡ್ ದಾಟಿ ರೈಲು ಗುಡ್ಡದ ಕೆಳಗಿನ ಉದ್ದನೆಯ ಸುರಂಗಕ್ಕೆ ಹೊಗೋಕೆ ಮೊದಲು ನಾನು ಕಿತ್ತೂರಿನ ಕಥೆ ಸುರು ಮಾಡಿದೆ.

ದೊರೆ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಸಾಯುವ ಮೊದಲು ದತ್ತು ತಗೊಂಡಿದ್ದ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನ ಒಪ್ಪಲಿಲ್ಲ, ಖಜಾನೆಗೆ ಕಾವಲು ಹಾಕಿದ. ಅಕ್ಟೋಬರ್ 23ರಂದು ತೋಪು ತಂದು ಬಾಗಿಲು ತೆರೀರಿ ಅಂದ. ಬಾಗಿಲು ತೆರೀತು, ಒಳಗಿದ್ದ ಮಂದಿಯೇ ಹೊರಗೆ ನುಗ್ಗಿದರು, ಥ್ಯಾಕರೆ ಅಲ್ಲೇ ಗುಂಡಿಗೆ ಬಿದ್ದ. ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳನ್ನ ಚೆನ್ನಮ್ಮ ರಾಣಿ ಕೂದಲು ಕೊಂಕದ ಹಾಗೆ ಇಟ್ಟುಕೊಂಡು ಕಳಿಸಿದಳು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಮುಂದೆ ಅವನೇ ಊರೂರು ತಿರುಗಿ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ. ಚೆನ್ನಮ್ಮ ಅವತ್ತು ಸಿಟ್ಟಿಗೇಳದೆ ಇದ್ದದ್ದಕ್ಕೆ ನಮ್ಮ ಎಷ್ಟೋ ಶಾಸನ ಉಳಿದವು ಅಂತ ನನ್ನ ಲೆಕ್ಕ. ಥ್ಯಾಕರೆಯ ನೆನಪಿಗೆ ಎತ್ತಿದ ಕಲ್ಲುಕಂಬ ಧಾರವಾಡದಲ್ಲಿದೆ. ಇಂಗ್ಲಿಷರು ಮತ್ತೆ ದಂಡೆತ್ತಿ ಬಂದು ಕಿತ್ತೂರು ಹಿಡಿದ ಮೇಲೆ, ಚೆನ್ನಮ್ಮ ಸೆರೆಯಲ್ಲಿ ತೀರಿಕೊಂಡದ್ದು ನಮ್ಮ ಬೈಲಹೊಂಗಲದಲ್ಲಿ, 1829ರಲ್ಲಿ.

ಅಜ್ಜಾರು ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರ ನಮ್ಮವನ್ನ ನಿಮ್ಮವರು ಹೊಡದಾರ" ಅಂದರು. "ಹೊಡದಾರ್ರಿ" ಅಂದೆ. "ಕಂದಾಯ ಕೇಳವನೇನು?" "ಹೌದ್ರಿ, ಕಲೆಕ್ಟರ್." "ಹಂಗಾರ ನನ್ನ ತಕರಾರಿಲ್ಲ" ಅಂದು ಅರ್ಧ ಸ್ಯಾಂಡ್‌ವಿಚ್ ಮುರಿದು ಕೊಟ್ಟರು. ಇನ್‌ಕಮ್ ಟ್ಯಾಕ್ಸಿನವರ ಮೇಲೆ ಅವರಿಗೆ ಹಳೇ ಸಿಟ್ಟಿದೆ, ಅದನ್ನ ಹೇಳ್ತಾ ಹೋದರೆ ಮ್ಯಾಂಚೆಸ್ಟರ್ ಬರೋದೇ ಇಲ್ಲ.

ಆ ಲೈಬ್ರರಿ ದುಂಡಗಿನ ಕಟ್ಟಡ, 1934ರದ್ದು. ಮೇಲಿನ ಓದುಮನೆಯ ಗುಮ್ಮಟದ ಕೆಳಗೆ ಯಾರಾದರೂ ಕುರ್ಚಿ ಎಳೆದರೆ ಗುಡುಗು ಬಂದಷ್ಟು ಸದ್ದು. ಕೆಳಗೆ ಹಳೇ ದಾಖಲೆಗಳ ವಿಭಾಗ. ಅಲ್ಲಿದ್ದ ಹುಡುಗಿ ಹೇಳಿಕೊಟ್ಟಳು, ಅಜ್ಜಾರು ಒಂದು ಬೆರಳಿನಿಂದ ಟೈಪು ಮಾಡಿದರು, ಹಾಳೆ ತೆರೆದುಕೊಂಡಿತು. 1921ರ ಜೂನ್ 19ರ ರಾತ್ರಿ ಆ ಮನೆಯಲ್ಲಿ ಮಲಗಿದ್ದವರ ಪಟ್ಟಿ. ಏಪ್ರಿಲಿನಲ್ಲಿ ಆಗಬೇಕಿದ್ದ ಎಣಿಕೆ ಮುಷ್ಕರದ ಗದ್ದಲದಲ್ಲಿ ಜೂನಿಗೆ ಹೋಗಿತ್ತು. ಅಜ್ಜಾರ ಅಜ್ಜ ಸ್ವಂತ ಕೈಯಿಂದ ತುಂಬಿದ ಹಾಳೆ. ಕೆಲಸ, ಬಟ್ಟೆ ಹೊಲಿಯೋ ಕಾರ್ಖಾನೆಯಲ್ಲಿ. ಯಾರ ಕಾರ್ಖಾನೆ ಅಂತಲೂ ಬರೆದಿದ್ದ, ಆ ಸಲದಿಂದ ಅದನ್ನೂ ಕೇಳಿದ್ದರು. ಕೆಳಗೆ ಆರು ವರ್ಷದ ಮಗಳ ಹೆಸರು. ಅಜ್ಜಾರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಮ್ಮವ್ವಗ ಆರು ವರ್ಷ" ಅಂದರು. ಮತ್ತೊಮ್ಮೆ ಅದನ್ನೇ ಅಂದರು.

ಅಲ್ಲಿಂದ ಹಿಂದಕ್ಕೆ ಹೋಗುವ ಕೆಲಸ ಲೀಡ್ಸಿನಲ್ಲೇ, ಊರ ಲೈಬ್ರರಿಯಲ್ಲಿ ನಡೆಯಿತು. ಎಷ್ಟು ದಿನ ಹೋದೆವೋ ಲೆಕ್ಕವಿಟ್ಟಿಲ್ಲ. 1911ರ ಹಾಳೆ ಬಂದಾಗ ಡಾಕ್ಟರಾದ ನನಗೂ ಗಂಟಲು ಕಟ್ಟಿತು. ಆ ವರ್ಷ ಪ್ರತಿ ಗೃಹಿಣಿಯ ಮುಂದೆ ಮೂರು ಲೆಕ್ಕ ಕೇಳಿದ್ದರು: ಹೆತ್ತದ್ದೆಷ್ಟು, ಉಳಿದದ್ದೆಷ್ಟು, ಹೋದದ್ದೆಷ್ಟು. ಅಜ್ಜಾರ ಮುತ್ತಜ್ಜಿಯ ಸಾಲಿನಲ್ಲಿ ಒಂಬತ್ತು, ಐದು, ನಾಲ್ಕು ಅಂತಿತ್ತು. ನಮ್ಮ ಹಳ್ಳಿಯ ಯಾವ ಮುದುಕಿಯನ್ನ ಕೇಳಿದ್ದರೂ ಆ ಕಾಲದಲ್ಲಿ ಅಂಥದ್ದೇ ಲೆಕ್ಕ ಬರ್ತಿತ್ತು. ಯಾರೂ ಕೇಳಲಿಲ್ಲ, ಅಷ್ಟೇ.

1851ಕ್ಕೆ ಬಂದಾಗ ಥ್ಯಾಕ್ರೆಗಳು ಹಾಲ್ಬೆಕ್ಕಿನಲ್ಲಿದ್ದರು. ಲೀಡ್ಸಿನ ಆ ಭಾಗದಲ್ಲಿ ಜಾನ್ ಮಾರ್ಷಲ್‌ನ ಮನೆತನದ ಅಗಸೆ ನಾರಿನ ಗಿರಣಿಗಳಿದ್ದವು. ನಮಗೆ ಅಗಸಿ ಅಂದರೆ ಹಿಂಡಿ, ರೊಟ್ಟಿಯ ಜೋಡಿ. ಇವರಿಗೆ ಅದರ ಕಾಂಡದ ನಾರು, ಅದರಿಂದ ಲಿನನ್ ಬಟ್ಟೆ. ಮಾರ್ಷಲ್‌ನ ಟೆಂಪಲ್ ಮಿಲ್ ಈಗಲೂ ನಿಂತಿದೆ, ಈಜಿಪ್ಟಿನ ಗುಡಿಯ ಥರದ ಕಂಬಗಳು. ಒಳಗಿನ ಹವೆ ಒಣಗಬಾರದು ಅಂತ ಚಾವಣಿಯ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದರಂತೆ, ಹುಲ್ಲು ಮೇಯಲು ಕುರಿ ಬಿಟ್ಟಿದ್ದರಂತೆ. ಮೇಲೆ ಕುರಿ, ಕೆಳಗೆ ಮಂದಿ. ನಾರು ಬಾಚುವಲ್ಲಿ ಧೂಳು, ನೂಲುವಲ್ಲಿ ಬಿಸಿನೀರು. ಹುಡುಗಿಯರು ದಿನವಿಡೀ ತೊಯ್ದ ಬಟ್ಟೆಯಲ್ಲೇ ನಿಂತು ನೂಲ್ತಿದ್ದರು. ಮೊದಲು ಹೇಳಿದೆನಲ್ಲ, ಸರ್ಜನ್ ಥ್ಯಾಕ್ರಾ, ಅವನು ಇಂಥ ಮಂದಿಯನ್ನೇ ನೋಡ್ತಾ ನೋಡ್ತಾ ಯಾವ ಕಸುಬಿನಿಂದ ಯಾವ ರೋಗ ಅಂತ 1831ರಲ್ಲಿ ದೊಡ್ಡ ಪುಸ್ತಕ ಬರೆದ. ಅದೇ ವರ್ಷ ಲೀಡ್ಸಿನಲ್ಲಿ ವೈದ್ಯಶಾಲೆ ಸುರುವಾಗಲು ಅವನೇ ಮುಂದಾಳು. ಎರಡು ವರ್ಷಕ್ಕೆ ಕ್ಷಯದಿಂದ ಹೋದ, ನಲವತ್ತೂ ತುಂಬಿರಲಿಲ್ಲ.

ಆ ಹಾಲ್ಬೆಕ್ಕಿನ ಥ್ಯಾಕ್ರೆ ಮನೆಯ ಯಜಮಾನ ನಾರು ಬಾಚುವವನು. ಹುಟ್ಟಿದ ಊರಿನ ಕಾಲಮ್ಮಿನಲ್ಲಿ ಹ್ಯಾಂಪ್ಸ್‌ಥ್ವೇಟ್ ಅಂತ ಇತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಿತ್ತೂರಿನ ಥ್ಯಾಕರೆಯ ಮೂಲವೂ ಅದೇ ಹಳ್ಳಿ! ಆ ಊರಿನ ಥಾಮಸ್ ಥ್ಯಾಕರೆ ಓದಿ ಮುಂದೆ ಬಂದು ಹ್ಯಾರೋ ಶಾಲೆಯ ಹೆಡ್‌ಮಾಸ್ಟರ್ ಆದ. ಹದಿನಾರು ಮಕ್ಕಳು. ಎಲ್ಲರಿಗಿಂತ ಸಣ್ಣವನು ವಿಲಿಯಂ ಮೇಕ್‌ಪೀಸ್, 1766ರಲ್ಲಿ ಕಂಪನಿ ಚಾಕರಿಗೆ ಬಂಗಾಲಕ್ಕೆ ಹೋಗಿ ಸಿಲ್ಹೆಟ್ಟಿನಲ್ಲಿ ಆನೆ ಹಿಡಿಸಿ ಕಂಪನಿಗೇ ಮಾರಿದ. ಅವನ ಮಕ್ಕಳಲ್ಲಿ ಒಬ್ಬ ಕಿತ್ತೂರಿನಲ್ಲಿ ಬಿದ್ದವನು. ಇನ್ನೊಬ್ಬನ ಮಗ, ಕಲ್ಕತ್ತೆಯಲ್ಲಿ ಹುಟ್ಟಿದವನು, ಕಾದಂಬರಿಕಾರ ಥ್ಯಾಕರೆ. ಆ ಕಾದಂಬರಿಕಾರನ ಮೇಲಿನ ಅಭಿಮಾನದಿಂದಲೇ ಮುಂಬಯಿಯ ಪ್ರಬೋಧನಕಾರ ಠಾಕರೆಯವರು ತಮ್ಮ ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ಬದಲಿಸಿಕೊಂಡರು ಅಂತ ಹೇಳ್ತಾರೆ. ಅವರ ಮಗ ಬಾಳ ಠಾಕರೆಯ ಹೆಸರು, ಗಡಿ ಜಗಳದಿಂದಾಗಿ, ಬೆಳಗಾವಿ ಕಡೆಯ ನಮಗೆ ಹೊಸದಲ್ಲ. ನಿಡ್ ನದಿಯ ದಂಡೆಯ ಒಂದು ಹಳ್ಳಿಯ ಹೆಸರು ನಮ್ಮ ಸೀಮೆಗೆ ಎರಡು ಸಲ ತಂಟೆಗೆ ಬಂತು ಅಂದಾಗ ಅಜ್ಜಾರು ಬಹಳ ಹೊತ್ತು ನಕ್ಕರು.

ಚಳಿ ಕಳೆದ ಮೇಲೆ ಆ ಊರಿಗೇ ಹೋದೆವು. ಮುದುಕರ ಪುಕ್ಕಟೆ ಪಾಸು ಬೆಳಗಿನ ಒಂಬತ್ತೂವರೆಗೆ ಮೊದಲು ನಡೆಯೋದಿಲ್ಲ. 9:31ಕ್ಕೆ ಅಜ್ಜಾರು ಬಸ್ಸಿನ ಮೆಟ್ಟಿಲ ಮೇಲೆ. ಹ್ಯಾರೋಗೇಟಿನಲ್ಲಿ ಬೆಟ್ಟೀಸ್ ಚಹಾದಂಗಡಿಯ ಮುಂದೆ ಗುಡಿಯ ಪ್ರಸಾದಕ್ಕೆ ನಿಂತಷ್ಟು ಪಾಳಿ. "ಚಾಕ್ಕ ಪಾಳಿ ಹಚ್ಚವ್ರು ಲಂಡನ್ನಿನವ್ರು" ಅಂದು ಅಜ್ಜಾರು ಹಾಗೇ ಮುಂದೆ ನಡೆದರು. ಹ್ಯಾಂಪ್ಸ್‌ಥ್ವೇಟಿನ ಚರ್ಚಿನ ಹೊರಗೆ ಬೆಂಚಿನ ಮೇಲೆ ಕೂತು ಹಣ್ಣಿನ ಕೇಕಿನ ಜೋಡಿ ವೆನ್ಸ್‌ಲಿಡೇಲ್ ಚೀಸ್ ತಿಂದೆವು. ಸಿಹಿಯ ಜೋಡಿ ಚೀಸ್ ತಿನ್ನೋದು ಈ ಸೀಮೆಯ ಪದ್ಧತಿ. ಮೊದಲು ನನಗೂ ವಿಚಿತ್ರ ಅನ್ನಿಸಿತ್ತು, ಈಗ ಅದಿಲ್ಲದೆ ಕೇಕು ಸೇರೋದಿಲ್ಲ.

ಚರ್ಚಿನೊಳಗೆ ಬಿಳಿ ಅಮೃತಶಿಲೆಯ ಹೆಂಗಸೊಬ್ಬಳು ಮಲಗಿದ್ದಾಳೆ. ಏಮಿ ವುಡ್‌ಫೋರ್ಡ್-ಫಿಂಡನ್, 1919ರಲ್ಲಿ ತೀರಿಕೊಂಡ ಸಂಗೀತಗಾರ್ತಿ. ಶಾಲಿಮಾರದ ಮೇಲಿನ ಅವಳ 'ಕಾಶ್ಮೀರಿ ಸಾಂಗ್' ಒಂದು ಕಾಲಕ್ಕೆ ಮನೆಮನೆಯಲ್ಲಿ ಹಾಡ್ತಿದ್ದರಂತೆ. ಅಜ್ಜಾರು ಅದನ್ನ ತಮ್ಮವ್ವನ ಬಾಯಲ್ಲಿ ಕೇಳಿದ್ದರು. ಎರಡು ಸಾಲು ಗುನುಗಿ, ಮುಂದಿನದು ಬರದೆ ಬಿಟ್ಟರು.

ಈ ಊರಿನ ಹಳೇ ಮದುವೆ, ನಾಮಕರಣ, ಮಣ್ಣಿನ ದಾಖಲೆಗಳನ್ನ ನೂರು ವರ್ಷದ ಹಿಂದೆಯೇ ಪುಸ್ತಕವಾಗಿ ಅಚ್ಚು ಹಾಕಿಸಿದ್ದಾರೆ, ಅದನ್ನ ಲೀಡ್ಸಿನಲ್ಲೇ ನೋಡಿದ್ದೆವು. ಥ್ಯಾಕ್ರೆಗಳು ಪುಟಪುಟಕ್ಕೂ ಇದ್ದಾರೆ. ನಾರು ಬಾಚುವವನು ಹುಟ್ಟಿರಬಹುದಾದ ಕಾಲಕ್ಕೆ ಅದೇ ಹೆಸರಿನ ಮೂವರು ಹುಡುಗರು ಸುತ್ತಮುತ್ತ ಸಿಕ್ಕರು. ಮೂವರ ತಂದೆಯರೂ ಕೂಲಿಯವರು. ಹೆಡ್‌ಮಾಸ್ಟರ್ ಥಾಮಸ್‌ನ ಕವಲಂತೂ ಅದಕ್ಕೂ ನೂರು ವರ್ಷ ಮೊದಲೇ ಊರು ಬಿಟ್ಟಿತ್ತು. ಕಿತ್ತೂರಿನ ದಾರಿ ಅಲ್ಲಿಗೆ ಮುಚ್ಚಿತು. ನನಗೆ ಬೇಸರವಾಯಿತು, ಅಜ್ಜಾರಿಗೆ ಆಗಲಿಲ್ಲ. ಅವರ ತಲೆಯಲ್ಲಿ ಆಗಲೇ ಬೇರೆ ಯಾರೋ ಹೊಕ್ಕಿದ್ದರು.

ಹೊಕ್ಕವಳು ಆ ನಾರು ಬಾಚುವವನ ಹೆಂಡತಿ. ಅಜ್ಜಾರ ತಾಯಿಯ ತಂದೆಗೆ ಅಜ್ಜಿಯಾಗಬೇಕು. ಹೆಸರು ಮನೆಯವರದ್ದು, ಇಲ್ಲಿ ಬರೆಯೋದಿಲ್ಲ. ಲೀಡ್ಸಿನ ದೊಡ್ಡ ಚರ್ಚಿನಲ್ಲಿ ಅವರ ಮದುವೆಯಾಗಿತ್ತು. 1837ರ ಜುಲೈ ಒಂದರಿಂದ ಇಂಗ್ಲೆಂಡಿನಲ್ಲಿ ಮದುವೆ ದಾಖಲೆಗೆ ಹೊಸ ನಮೂನೆ ಬಂತು. ಹೆಸರು, ವಯಸ್ಸು, ಕಸುಬು, ವಾಸ, ತಂದೆಯ ಹೆಸರು, ತಂದೆಯ ಕಸುಬು. ಗಂಡ ತಡವರಿಸಿ ಸಹಿ ಮಾಡಿದ್ದ. ಹೆಂಡತಿ ಒಂದು ಅಡ್ಡಗೀಟು, ಅದರ ಮೇಲೊಂದು ಗೀಟು ಎಳೆದಿದ್ದಳು, ಪಕ್ಕದಲ್ಲಿ ಪಾದ್ರಿ ಇದು ಇಂಥವಳ ಗುರುತು ಅಂತ ಬರೆದಿದ್ದ. ನಮ್ಮಲ್ಲಾದರೆ ಹೆಬ್ಬೆಟ್ಟು. ಹೊಲದ ಕಾಗದದ ಮೇಲೆ ನಮ್ಮವ್ವನ ಹೆಬ್ಬೆಟ್ಟು ಇವತ್ತಿಗೂ ನೀಲಿಯಾಗಿದೆ.

ಅದೇ ಹೆಂಗಸು 1841ರ ಎಣಿಕೆಯಲ್ಲೂ ಇದ್ದಳು. ಆ ಸಲ ಹುಟ್ಟಿದ ಊರು ಬರೀತಿರಲಿಲ್ಲ. ಇದೇ ಕೌಂಟಿಯಲ್ಲಿ ಹುಟ್ಟಿದ್ದಾ, ಹೌದೋ ಅಲ್ಲವೋ, ಹೊರನಾಡಿನವರಾದರೆ ಒಂದು ಅಕ್ಷರ, ಅಷ್ಟೇ. ಅಜ್ಜಾರಿಗೆ ಆ ಕಾಲಮ್ಮು ಬಹಳ ಮೆಚ್ಚಿಗೆಯಾಗಿತ್ತು. ಯಾರ್ಕ್‌ಶೈರ್ ಕ್ರಿಕೆಟ್ ಕ್ಲಬ್ಬು ಎಷ್ಟೋ ಕಾಲ ಕೌಂಟಿಯೊಳಗೆ ಹುಟ್ಟಿದವರನ್ನ ಬಿಟ್ಟು ಬೇರೆಯವರನ್ನ ಆಡಿಸ್ತಿರಲಿಲ್ಲ. 1992ರಲ್ಲಿ ಮೊದಲ ಸಲ ಹೊರದೇಶದವನನ್ನ ಆಡಿಸಿದರು, ಅವನು ನಮ್ಮ ಸಚಿನ್. "ನಾ ಏಳು ತಲಿಮಾರು ಅಪ್ಪಟ ಯಾರ್ಕ್‌ಶೈರ್" ಅಂತ ಅಜ್ಜಾರು ಹೇಳದ ದಿನವಿರಲಿಲ್ಲ. ಗಂಡನ ಮುಂದೆ ಹೌದು ಅಂತ ಇತ್ತು. ಹೆಂಡತಿಯ ಮುಂದೆ ಇಂಗ್ಲಿಷಿನ 'ಐ' ಅಕ್ಷರ ಒಂದೇ. ಐರ್ಲೆಂಡ್.

1851ರಲ್ಲಿ ನೂಲುವವಳು, ಐರ್ಲೆಂಡ್ ಅಂತ ಬರೆದಿದ್ದಾರೆ. ಊರಿಲ್ಲ, ಜಿಲ್ಲೆಯಿಲ್ಲ. ಅಲ್ಲಿ ಹೋಗಿ ಹುಡುಕೋಣವೆಂದರೆ 1922ರಲ್ಲಿ ಡಬ್ಲಿನ್ನಿನ ದಾಖಲೆಮನೆ ಸುಟ್ಟು ಆ ಕಾಲದ ಎಣಿಕೆಯ ಹಾಳೆಗಳೆಲ್ಲ ಹೆಚ್ಚುಕಮ್ಮಿ ಬೂದಿಯಾಗಿವೆ. ಮದುವೆ ಕಾಗದದಲ್ಲಿ ಅವಳ ತಂದೆಯ ಹೆಸರಿದೆ, ತಾಯಿಯದ್ದಿಲ್ಲ. ಇಂಗ್ಲೆಂಡಿನ ಮದುವೆ ದಾಖಲೆಯಲ್ಲಿ ತಾಯಂದಿರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ. ಅಲ್ಲಿಯ ತನಕ ಅವರಿಗೆ ಒಂದು ಕಾಲಮ್ಮೂ ಇರಲಿಲ್ಲ.

ಅಜ್ಜಾರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೇಲಿಯ ಹತ್ತಿರ ಬಂದು, "ಡಾಕ್ಟರ್, ಆಕಿ ಹಡಗ ಹತ್ತಿ ಬಂದಾಗ ಎಷ್ಟು ಸಣ್ಣಾಕಿ ಇದ್ದಿರಬೇಕು?" ಅಂದರು. ಯೂಟಾಕ್ಕೆ ಕಳಿಸಿದ ಪತ್ರದಲ್ಲಿ ಥ್ಯಾಕ್ರೆಗಳಿಗೆ ಅರ್ಧ ಪುಟ ಕೊಟ್ಟು, ಆ ನೂಲುವವಳಿಗೆ ಒಂದೂವರೆ ಪುಟ ಕೊಟ್ಟರು. ಯೂಟಾದಲ್ಲಿ ಮೊದಲ ನೆಲೆಗಾರರನ್ನ ಮರ್ಯಾದೆಯಿಂದ ಕಾಣ್ತಾರಲ್ಲ, ನಮ್ಮ ಕಡೆ ಮೊದಲು ಸಮುದ್ರ ದಾಟಿದವಳು ಇವಳೇ ಅಂತ ಬರೆದರು. ಮಾರ್ಚಿನಲ್ಲಿ ಸೇಂಟ್ ಪ್ಯಾಟ್ರಿಕ್ ಹಬ್ಬ ಬಂದರೆ ಈಗ ಹಸಿರು ಟೈ ಕಟ್ಟಿಕೊಳ್ಳುತ್ತಾರೆ. ಆದರೂ ಕ್ರಿಕೆಟ್ಟಿನ ವಿಷಯದಲ್ಲಿ ಬದಲಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ನಮ್ಮವ್ವ ಈಗಿಲ್ಲ. ಅವಳ ತಂಗಿ, ನಮ್ಮ ಚಿಗವ್ವ, ಬೈಲಹೊಂಗಲದಲ್ಲಿದ್ದಾಳೆ, ಎಂಬತ್ತು ದಾಟಿದೆ. ಫೋನು ಮಾಡಿ ಅವ್ವನ ಅವ್ವ, ಅವಳ ಅವ್ವ, ಅವಳ ಅತ್ತೆ, ಹೀಗೆ ಹೆಣ್ಣುಮಕ್ಕಳ ಹೆಸರು ಹೇಳು, ಬರಕೊಳ್ತೀನಿ ಅಂದೆ. ಹೊತ್ತಿಗೆ ಇಲ್ಲ, ಗಂಟೆ ಇಲ್ಲ, ಒಲೆಯ ಮೇಲಿನ ಹಾಲು ನೋಡಿಕೊಳ್ತಾ ಐದು ತಲೆಮಾರು ಹೇಳಿದಳು. ಯಾರು ಯಾವ ಊರಿಂದ ಬಂದಾಕಿ, ಯಾರ ಕೈಯ ಹೋಳಿಗೆ ಹೆಂಗಿತ್ತು, ಯಾರು ಬಾಣಂತನದಲ್ಲಿ ಹೋದಳು, ಯಾರು ಗಂಡನನ್ನ ಗದರಿಸಿ ಇಟ್ಟಿದ್ದಳು, ಎಲ್ಲ ಬಂತು. ಬರೆದು ಬರೆದು ನನ್ನ ಹಾಳೆ ತುಂಬಿತು.

ಒಬ್ಬಳ ಹತ್ತಿರ ಬಂದಾಗ ನಿಂತಳು. "ಆಕೀಗೆ ಎರಡು ಹೆಸರೈತಿ ನೋಡಪಾ. ತವರಿನ್ಯಾಗ ಒಂದು, ಲಗ್ನದಾಗ ಅಕ್ಕಿಯೊಳಗ ಬರದು ಇಟ್ಟದ್ದು ಒಂದು. ಯಾವುದು ಬರೀತಿ?"

ಹಾಳೆಯಲ್ಲಿ ಜಾಗ ಉಳಿದಿಲ್ಲ ಚಿಗವ್ವ, ಯಾವುದಾದರೂ ಒಂದು ಹೇಳು ಅಂದೆ.

"ಎರಡೂ ಬರಿ" ಅಂದಳು. "ಜಾಗಾ ಸಾಲದಿದ್ರ ಗಂಡಸರ ಹೆಸರು ಸಣ್ಣಗ ಬರಿ."